ತಿರುವಿಗೆ ಮೊದಲೇ

ವಾರ್ಡೊದಲ್ಲಿ ನವೆಂಬರ್ ಕೊನೆ. ಮಧ್ಯಾಹ್ನವೂ ಇರುಳೇ.
ಐಲರ್ಟ್ ಕನ್ನಡಕ ಒರೆಸಿಕೊಂಡು ಅಕ್ಷಾಂಶ ಕುಟ್ಟುತ್ತಾನೆ
ಒಂದೇ ಬೆರಳಲ್ಲಿ, ಕೋಳಿ ಕಾಳು ಹೆಕ್ಕಿದ ಹಾಗೆ.

ನಕ್ಷೆಯ ತುಂಬ ಐದಕ್ಷರದ ಹೆಸರುಗಳು.
ನಾಲಿಗೆಗೆ ಒಗ್ಗುತ್ತವೆ, ಅರ್ಥವಿಲ್ಲ,
ಅಲ್ಲಿ ಯಾರೂ ಹುಟ್ಟಿಲ್ಲ, ಸತ್ತಿಲ್ಲ.
ನಡುವೆ ತನ್ನದೊಂದು ತುರುಕುತ್ತಾನೆ: ಡಾಗ್ನಿ.
ಅವನ ಲಿಪಿಯಲ್ಲಿ ಅದೂ ಸರಿಯಾಗಿ ಐದೇ.

ಇಪ್ಪತ್ತೆರಡು ವರ್ಷ ಅಂಚೆಚೀಲ ಹೊತ್ತು ಹಾರಿದವನು.
ದೀಪಸ್ತಂಭದ ಬಂಡೆ ಬಂದಾಗ ಎಡರೆಕ್ಕೆ ತುಸು ಬಾಗಿಸಿದರೆ
ಕೆಳಗೆ ಒಣಹಾಕಿದ ಬಟ್ಟೆಗಳ ನಡುವಿಂದ
ಒಂದು ಕೈ ಮೇಲೇಳುತ್ತಿತ್ತು.
ಅಷ್ಟೇ. ದನಿ ಹೇಗಿತ್ತೋ ಗೊತ್ತಿಲ್ಲ.
ಹೆಸರು ಕೂಡ ಲಕೋಟೆಯ ಮೇಲೆ ಓದಿದ್ದು.

ಈಗ ಹಾರಿಸುವುದು ಆಟೋಪೈಲಟ್.
ಡಾಗ್ನಿಗೆ ಇನ್ನೂ ಒಂದು ಮೈಲಿ ಇರುವಾಗಲೇ ಮೂತಿ ತಿರುಗಿಸಿ
ಮೂಲೆ ಕತ್ತರಿಸಿ ಮುಂದಿನ ಗುರುತಿಗೆ ಹೊರಟುಬಿಟ್ಟಿತು.
"ಥೂ, ಕಳ್ಳ!"
ಮತ್ತೆ ಮೊದಲಿಂದ. ಮತ್ತೆ ಅದೇ.

ಪಕ್ಕದ ಮನೆಯ ಉನ್ನಿ ಒದ್ದೆ ಬೂಟಲ್ಲೇ ಬಂದು ನಿಂತು ನಕ್ಕಳು:
"ಅದಕ್ಕೆ ಯಾವಾಗಲೂ ಅವಸರ, ತಾತ.
ಮೇಲಿಂದಲೇ ಹಾದುಹೋಗು ಅಂತ ಬಾಯಿಬಿಟ್ಟು ಹೇಳಬೇಕು.
ಇಲ್ಲಿ, ಈ ಚೌಕದೊಳಗೆ ಗುರುತು ಹಾಕಿ."

ಹಾಕಿದ.

ಈ ಸಲ ನೇರ. ಪರದೆಯಲ್ಲಿ ಬಂಡೆಯೂ ಇಲ್ಲ,
ಇಸ್ತ್ರಿ ಮಾಡಿಟ್ಟಂಥ ಬರೀ ನೀಲಿ ಸಮುದ್ರ.
ಅಂಕಿ ಇಳಿಯುತ್ತ ಬಂತು: ಪಾಯಿಂಟ್ ಮೂರು, ಪಾಯಿಂಟ್ ಒಂದು,
ಸೊನ್ನೆ.

ವಿಮಾನದ ರೆಕ್ಕೆ ಮಟ್ಟಸವಾಗಿಯೇ ಇತ್ತು.
ಕುರ್ಚಿಯಲ್ಲಿ ಮುದುಕ ಮಾತ್ರ
ಎಡಕ್ಕೆ ತುಸು ವಾಲಿದ,
ಲೋಟದ ಕಾಫಿ ಚೆಲ್ಲದ ಹಾಗೆ.