ಎಡ ಮಗ್ಗುಲು

ಉಲಾನ್‌ಬಾತರಿನಲ್ಲಿ ಇವತ್ತು ಮೈನಸ್ ಮೂವತ್ತೊಂದು.
ಎಲ್ಲರೂ ಚಳಿಯನ್ನು ಬೈಯುತ್ತಲೇ ಹತ್ತುತ್ತಾರೆ
ನನ್ನ ಟ್ರಾಲಿಬಸ್ಸು.
ಬೈಯದವಳು ನನ್ನ ಮಗಳೊಬ್ಬಳೇ.
ಚಳಿಗೆ ಅವಳು ಋಣಿ:
ಮೂಗಿನ ಮೇಲಕ್ಕೆ ಶಾಲು ಎಳೆದುಕೊಂಡರೆ
ಯಾಕೆಂದು ಯಾರೂ ಕೇಳದ ಕಾಲ.

ಹೆಸರು ಎಗ್ಶಿಗ್ಲೆನ್, ನಾದ ಎಂದರ್ಥ.
ಹದಿನೈದು ವರ್ಷ, ನಾಲ್ಕು ತಿಂಗಳು.
ಬಸ್ಸು ಓಡಿಸುವವನು ಅಪ್ಪನೇ ಆದರೂ
ಯಂತ್ರಕ್ಕೆ ಕಾರ್ಡು ಒತ್ತಿ, ಯಾರೋ ಎಂಬಂತೆ
ಕೊನೆಯ ಸೀಟಿಗೆ ನಡೆಯುತ್ತಾಳೆ.
ಕಿಟಕಿಯ ಕಡೆಗೆ ಎಡಗೆನ್ನೆ. ಅದರಲ್ಲೇ ಹೆಚ್ಚು ಮೊಡವೆ.
ಗಾಜಿನ ತುಂಬ ಹಿಮ ಕಟ್ಟಿರುವುದರಿಂದ
ಅಲ್ಲಿ ಮುಖ ಕಾಣುವ ಭಯವಿಲ್ಲ.
ನನ್ನ ತಲೆಯ ಮೇಲಿನ ಉದ್ದ ಕನ್ನಡಿಯಲ್ಲಿ ಸಿಗುವುದು
ಎರಡು ಕಣ್ಣು, ಒಂದು ಟೋಪಿ.

ಮನೆಯಲ್ಲಿ, ಬಚ್ಚಲ ಕನ್ನಡಿಗೆ ಟವೆಲು.
ಸೆಪ್ಟೆಂಬರಿನಿಂದ ನೇತಾಡುತ್ತಿದೆ, ಒದ್ದೆಯೇ ಆಗದ ಟವೆಲು.
ಗಡ್ಡ ಹೆರೆಯುವಾಗ ತೆಗೆಯುತ್ತೇನೆ,
ಮುಗಿದ ಮೇಲೆ ಹೇಗಿತ್ತೋ ಹಾಗೆ ಹಾಕುತ್ತೇನೆ.
ನಾವಿಬ್ಬರೂ ಸೇರಿ ಮಾಡುವ ಕೆಲಸ ಇದೊಂದೇ.

ಸಲಹೆಗಳಿಗೇನೂ ಬರವಿರಲಿಲ್ಲ.
ಕೊಬ್ಬು ಬಿಡು ಎಂದಳು ನನ್ನ ತಂಗಿ,
ಸಿಹಿ ಬಿಡು ಎಂದ ಔಷಧಿ ಅಂಗಡಿಯವನು.
ಮುಖ ತೊಳೆ. ಅಷ್ಟು ತೊಳೆಯಬೇಡ. ಮುಟ್ಟಬೇಡ.
ರಕ್ತ ಕೆಟ್ಟಿದೆ ಎಂದರು, ಕಲ್ಲಿದ್ದಲ ಹೊಗೆ ಎಂದರು.
ಮದುವೆಯಾದರೆ ಹೋಗುತ್ತದೆ ಎಂದು
ಬಸ್ಸಿನಲ್ಲೇ ಒಬ್ಬ ಮುದುಕ ನಕ್ಕ;
ಮುಂದಿನ ನಿಲ್ದಾಣದಲ್ಲಿ ಬ್ರೇಕನ್ನು ನಾನು
ಬೇಕಾದ್ದಕ್ಕಿಂತ ಜೋರಾಗಿ ಒತ್ತಿದೆ.

ನನ್ನದೂ ಒಂದು ಮಾತಿತ್ತು, ಒಪ್ಪಿಕೊಳ್ಳುತ್ತೇನೆ:
ತಿಂಗಳಿಗೂ ಕಲೆಯಿದೆಯಲ್ಲ ಮಗಳೇ, ಅಂದೆ.
ಹಾಗಾದರೆ ನಾಳೆ ತಿಂಗಳೇ ಶಾಲೆಗೆ ಹೋಗಲಿ, ಅಂದಳು,
ಬಾಗಿಲು ಹಾಕಿಕೊಂಡಳು.

ಹಾಡುತ್ತಿದ್ದಳು. ಶಾಲೆಯ ತಂಡದಲ್ಲಿ ಮುಂದಿನ ಸಾಲು.
ನವೆಂಬರಿನಲ್ಲಿ ಹಿಂದಿನ ಸಾಲು ಕೇಳಿ ಪಡೆದಳು,
ಡಿಸೆಂಬರಿನಲ್ಲಿ ಬಿಟ್ಟಳು.
ಗಂಟಲಿಗೆ ಏನೂ ಆಗಿರಲಿಲ್ಲ.

ಆಮೇಲೆ ಬಂತು ಬಿಳಿ ತಿಂಗಳ ಹಬ್ಬ.
ನಮ್ಮಲ್ಲಿ ಆಗ ಹಿರಿಯರ ಮೊಳಕೈಗೆ
ಕಿರಿಯರು ಕೆಳಗಿನಿಂದ ತೋಳು ಕೊಟ್ಟು ಆಧರಿಸಬೇಕು,
ಹಿರಿಯರು ಕಿರಿಯರ ಕೆನ್ನೆ ಮೂಸಬೇಕು.
ಎರಡೂ ಕೆನ್ನೆ.
ಮನೆ ತುಂಬ ಬೂಜ್ ಬೇಯುವ ಹಬೆ, ಹದಿನೇಳು ಜನ ಹಿರಿಯರು,
ಒಳಗೆ ಶಾಲು ಸುತ್ತಿಕೊಂಡು ನಿಲ್ಲುವಂತಿಲ್ಲ.
ಅಮ್ಮನ ಡಬ್ಬಿಯ ಪೌಡರು ಬಳಿದಿದ್ದಳು;
ಮೂರನೇ ಅಜ್ಜನ ಹೊತ್ತಿಗೆ ಅದೂ ಕರಗಿತು.
ಕೆಲವರು ಎರಡು ಬೆರಳು ದೂರದಲ್ಲೇ
ಗಾಳಿ ಮೂಸಿ ಬಿಟ್ಟರು.
ಆ ಎರಡು ಬೆರಳನ್ನು ಅವಳು ಅಳೆದದ್ದು ನನಗೆ ಕಂಡಿತು.

ಮೂರನೆಯ ದಿನ, ಗೋಬಿಯ ಕಡೆಯಿಂದ ತಡವಾಗಿ
ನನ್ನ ಸೋದರತ್ತೆ ದೊಲ್ಗೋರ್ ಬಂದಳು.
ಕಣ್ಣು ಮಂಜು. ಐವತ್ತು ವರ್ಷ ಒಂಟೆ ಹಾಲು ಕರೆದ ಬೆರಳು.
ಮೂಸುವ ಮೊದಲು ಮುಖ ತಡವಿದಳು,
ಎಡಗೆನ್ನೆಯ ಮೇಲೆ ಹೆಬ್ಬೆರಳು ನಿಂತಿತು.
ಮಗಳು ಉಸಿರು ಹಿಡಿದಳು.
ನೋಯುತ್ತದಾ?
ಎಂದಳು ಮುದುಕಿ.

ಅಷ್ಟೇ. ಚೆಂದ ಅನ್ನಲಿಲ್ಲ, ಹೋಗುತ್ತದೆ ಅನ್ನಲಿಲ್ಲ.
ಆರು ತಿಂಗಳಲ್ಲಿ ಯಾರೂ ಕೇಳಿರದ ಮಾತು,
ಅಪ್ಪನಾದ ನಾನೂ.
ರಾತ್ರಿ ಎಡ ಮಗ್ಗುಲಿಗೆ ಹೊರಳಿದರೆ, ಎಂದಳು ಎಗ್ಶಿಗ್ಲೆನ್.
ನಕ್ಕರೆ. ಹಾಡಲು ಬಾಯಿ ತೆರೆದರೆ,
ಇಲ್ಲಿ.
ಮುದುಕಿ ಬಲಗೆನ್ನೆ ಮೂಸಿದಳು,
ಎಡಗೆನ್ನೆಯ ಪಾಲನ್ನು ಹಣೆಗೆ ಕೊಟ್ಟಳು.
ಆಮೇಲೆ ಕೂತು ಒಂಬತ್ತು ಬೂಜ್ ತಿಂದಳು.

ಈಗ ಮಂಗಳವಾರ ಚರ್ಮದ ಆಸ್ಪತ್ರೆಯ ಸಾಲಿನಲ್ಲಿ
ನಾವಿಬ್ಬರೂ ನಿಲ್ಲುತ್ತೇವೆ.
ತಿಂಗಳುಗಟ್ಟಲೆ ಹಿಡಿಯುತ್ತದೆ, ಅವಸರ ಬೇಡ, ಎಂದಿದ್ದಾಳೆ ವೈದ್ಯೆ.
ಏಪ್ರಿಲ್ ಬರುತ್ತಿದೆ, ಶಾಲುಗಳ ಕಾಲ ಮುಗಿಯುತ್ತದೆ.
ಟವೆಲು ಇನ್ನೂ ಇದೆ. ಹಾಡು ಇನ್ನೂ ಇಲ್ಲ.

ನಿನ್ನೆ ಕೊನೆಯ ಸೀಟು ತುಂಬಿತ್ತು.
ನನ್ನ ಬೆನ್ನ ಹಿಂದಿನ ಕಂಬ ಹಿಡಿದು ನಿಂತಳು.
ಕನ್ನಡಿ ನೋಡಲಿಲ್ಲ ನಾನು,
ರಸ್ತೆ ನೋಡುತ್ತಲೇ ಕೇಳಿದೆ:
ರಾತ್ರಿ ನಿದ್ದೆ ಬಂತಾ?

ಮೂರು ನಿಲ್ದಾಣ ಕಳೆದವು.
ಬಲ ಮಗ್ಗುಲಿಗೆ, ಅಂದಳು.