ಲಿಫ್ಟಿಗೆ ಚಿಲ್ಲರೆ ಇರಲಿಲ್ಲ

ಟಿಬಿಲಿಸಿಯ ಈ ಹಳೇ ಕಟ್ಟಡದಲ್ಲಿ
ಲಿಫ್ಟೂ ಕಾಸು ಕೇಳುತ್ತದೆ.
ನನ್ನ ಜೇಬಲ್ಲಿ ಚಿಲ್ಲರೆ ಇಲ್ಲ, ಲಮಾರಾ ಮೇಡಂ ಚೀಲದಲ್ಲೂ.
ಬೆನ್ನಿಗೆ ವಯೋಲಾ, ಎದೆಗೆ ಅವರ ಕಲ್ಲಂಗಡಿ,
ಐದು ಮಹಡಿ ಹತ್ತಿದೆ.

ಅವರು ಹಿಂದೆ. ಮಾತಿಲ್ಲ.
ಗೊತ್ತಾಗಿದ್ದು ಆಮೇಲೆ: ನೋಡುತ್ತಿದ್ದರು
ನನ್ನ ಕತ್ತು, ಮಂಡಿ, ಹಿಮ್ಮಡಿ.

"ತೋಳು ಎಲ್ಲಿಂದ ಶುರು, ನುತ್ಸಾ?"
ಭುಜ ಮುಟ್ಟಿ ತೋರಿಸಿದೆ.
ಅದೇ ಬೆರಳನ್ನು ಹಿಡಿದು
ಕೊರಳ ಗುಳಿಯ ಪಕ್ಕದ ಎಲುಬಿನ ಮೇಲಿಟ್ಟರು:
"ಇಲ್ಲಿಂದ. ಇಷ್ಟು ವರ್ಷ
ಗೇಣುದ್ದ ತೋಳು ಮರೆತೇ ನುಡಿಸಿದ್ದೀಯ."

ಕೈ ಎತ್ತಿದೆ. ಬೆರಳಡಿಯಲ್ಲಿ ಕೀಲು
ನಿದ್ದೆಯ ಬೆಕ್ಕಿನ ಹಾಗೆ ಮಗ್ಗುಲಾಯಿತು.

"ಎಂಟು ಕಿಲೋ ಹೊತ್ತೆ, ಉಸಿರು ಕಟ್ಟಲಿಲ್ಲ.
ಅಂಗೈಯಗಲ ಮರಕ್ಕೆ ಯಾಕೆ ಹಲ್ಲು ಕಚ್ಚುತ್ತೀ?"

ಕಲ್ಲಂಗಡಿ ಅಪಸ್ವರ ನುಡಿಯೋದಿಲ್ಲವಲ್ಲ
ಅಂದೆ.
ಅವರು ನಗಲಿಲ್ಲ. ಚಾಕು ತಂದರು.

ಆ ದಿನ ಪೆಟ್ಟಿಗೆ ತೆರೆಯಲೇ ಇಲ್ಲ.
ಬಾಲ್ಕನಿಯಲ್ಲಿ ಬೀಜ ಉಗಿಯುತ್ತ ಕೂತೆವು.
ಕತ್ತಿನ ಎಡಗಡೆ,
ವಯೋಲಾ ಉಜ್ಜಿ ಉಜ್ಜಿ ಕಪ್ಪಾದ ಕಲೆಗೆ
ಗಾಳಿ ತಾಗುತ್ತಿತ್ತು.