ಕುಕ್ಕೆ

ರಿಪ್ಪನ್‌ಪೇಟೆ ಸರ್ಕಲ್ಲಿನಿಂದ ನಾಲ್ಕನೆ ಅಂಗಡಿ
ಖಲಂದರ್ ಸಾಬರದು.
ಕಪ್ಪು ಗಾಜಿನ ಮುಖವಾಡ ಹಣೆಗೇರಿಸಿ
ನನ್ನ ಜೀಪಿನ ಮುಂದೆ ಕುಕ್ಕರುಗಾಲಲ್ಲಿ ಕೂತು
ಒಡೆದ ಹೆಡ್‌ಲೈಟು ನೋಡಿದರು,
ವೈದ್ಯರು ನಾಲಗೆ ನೋಡುವ ಹಾಗೆ.

ಆ ವರ್ಷ ಅದು ಮೂರನೆಯದು.
ಜಲ್ಲಿ ಟಿಪ್ಪರು ಮುಂದೆ ಹೋದರೆ ಸಾಕು,
ಕಡಲೆಕಾಳಿನಷ್ಟು ಕಲ್ಲೊಂದು
ಹುಡುಕಿಕೊಂಡು ಬಂದು ಕಣ್ಣಿಗೇ ಹೊಡೆಯುತ್ತಿತ್ತು.

"ಕುಕ್ಕೆ ಹಾಕಿ" ಅಂದೆ,
ಒಕ್ಕಣೆಯಲ್ಲಿ ಅಪ್ಪ ಎತ್ತಿನ ಬಾಯಿಗೆ ಕಟ್ಟುತ್ತಿದ್ದಂಥದ್ದು.
"ಆರು ಎಂಎಂ ಸರಳು. ಸುತ್ತ ಬಿಗಿ ಬೆಸುಗೆ."

"ಎತ್ತಿಗೂ ಸಂಜೆ ಬಿಚ್ಚುತ್ತಿದ್ದರಲ್ಲ?
ಬಲ್ಬು ಹೋದರೆ ಕೈ ಎಲ್ಲಿಂದ ಹಾಕ್ತೀರಿ?
ಕೀಲು ಕೂರಿಸ್ತೇನೆ, ಕಿಟಕಿ ಹಾಗೆ ತೆರೀಲಿ."
"ಕೀಲಿದ್ದರೆ ಕಳ್ಳನಿಗೂ ತೆರೆಯುತ್ತೆ.
ಹೊಸ ಬಲ್ಬು, ಹೋಗೋದಿಲ್ಲ ಬಿಡಿ."
ಅವರು ಮುಖವಾಡ ಇಳಿಸಿಕೊಂಡರು.
ಮಾತು ಮುಗಿಸಲು ಅದೊಂದು ಅನುಕೂಲ.

ಹನ್ನೊಂದು ದಿನ ಬಾಳಿತು ನನ್ನ ಮಾತು.
ಸಿದ್ದಾಪುರದ ಮದುವೆ ಮುಗಿಸಿದ ಬ್ಯಾಂಡ್‌ಸೆಟ್ಟಿನವರು,
ಒಂಬತ್ತು ಜನ, ಡ್ರಮ್ಮು ಟಾಪಿನ ಮೇಲೆ,
ಬಾಳೆಬರೆ ಘಾಟಿಯ ಮೂರನೆ ತಿರುವು.
ಎಡಗಣ್ಣು ಒಮ್ಮೆ ಕೆಂಪಗಾಗಿ ಹೋಯಿತು.
ಬಲಗಣ್ಣು ಮೊದಲಿನಿಂದಲೂ
ರಸ್ತೆ ಬಿಟ್ಟು ಮರವನ್ನೇ ತೋರಿಸುತ್ತಿತ್ತು.

ಬಿಡಿ ಬಲ್ಬಿತ್ತು, ಡ್ಯಾಶ್‌ಬೋರ್ಡಿನಲ್ಲಿ, ಕಾಗದ ಸುತ್ತಿ.
ಇದ್ದು ಏನು?
ಸರಳಿನ ಸಂದಿಯಲ್ಲಿ ಎರಡೇ ಗಿಣ್ಣು ಹೋಗುತ್ತಿತ್ತು.
ಕ್ಲಾರಿನೆಟ್ಟಿನ ಫೆಲಿಕ್ಸ್, ಎಲ್ಲರಲ್ಲಿ ಸಪೂರ ಬೆರಳಿನವ,
ತೂರಿಸಿದ, ರಿಮ್ಮಿನ ಸ್ಕ್ರೂ ಮುಟ್ಟಿದ,
"ಸಿಕ್ಕಿತು, ತಿರುಗಲ್ಲ" ಅಂದ.
ಆಮೇಲೆ ಸ್ವಲ್ಪ ಹೊತ್ತು ಬೆರಳೇ ವಾಪಸು ಬರಲಿಲ್ಲ.

ಕೊನೆಗೆ ಎಲ್ಲ ಇಳಿದು ಮುಂದೆ ನಡೆದರು.
ಬಿಳಿ ಪ್ಯಾಂಟು, ಭುಜಕ್ಕೆ ಜರಿಗೊಂಡೆ,
ಇಬ್ಬರ ಕೈಯಲ್ಲಿ ಮೊಬೈಲಿನ ಬೆಳಕು.
ಆ ಬಿಳಿ ಕಾಲುಗಳನ್ನೇ ನಂಬಿ
ಫಸ್ಟ್ ಗೇರಿನಲ್ಲಿ ನಾನು,
ದಿಬ್ಬಣದ ಹಿಂದೆ ಬರುವ ಮದುಮಗನಂತೆ.
ಯಾರೋ ತಡೆಯಲಾರದೆ ತುತ್ತೂರಿ ಊದಿಯೇಬಿಟ್ಟ.
ಕಾಡಿನಲ್ಲಿ ಏನೋ ದಡಬಡ ಓಡಿತು.

ಬೆಳಿಗ್ಗೆ ಸಾಬರು ಏನೂ ಕೇಳಲಿಲ್ಲ.
ಸುತ್ತಿಗೆಯಲ್ಲಿ ಕೆಳಗಿನಿಂದ ಒಂದೇ ಏಟು,
ಕುಕ್ಕೆ ಕೈಗೆ ಬಂತು.
ಬಿಗಿ ಬೆಸುಗೆ ಎಲ್ಲಿತ್ತು?
ನಾಲ್ಕು ಚುಕ್ಕೆ, ಮೇಲೆ ಕಪ್ಪು ಬಣ್ಣ.
"ಬರ್ತೀರಿ ಅಂತ ಗೊತ್ತಿತ್ತು."

ಅಯ್ಯೋ, ಒಂದು ಕಲ್ಲಲ್ಲಿ ತಟ್ಟಿದ್ದರೆ!
ಹತ್ತು ಜನ ಗಂಡಸರು, ಘಾಟಿ ತುಂಬ ಕಲ್ಲು,
ಒಬ್ಬನಿಗೂ ಅನುಮಾನ ಬರಲಿಲ್ಲ.

ಹಳೇ ಟ್ರಂಕೊಂದರ ಕೀಲು ಕೂರಿಸಿದರು.
ಅದರ ಮೇಲಿನ್ನೂ ಹಸಿರು ಬಣ್ಣ,
ಬಣ್ಣದಲ್ಲಿ ಅರ್ಧ ಗುಲಾಬಿ.
ಕೆಳಗೆ ಒಂದು ಚಿಟ್ಟೆ ನಟ್ಟು.
"ಬಲ್ಬನ್ನ ಬಟ್ಟೇಲಿ ಹಿಡೀರಿ.
ಬೆರಳಿನ ಜಿಡ್ಡು ತಾಗಿದ್ರೆ ಬೇಗ ಸುಡುತ್ತೆ."

ಆಮೇಲೆ ಬಲ್ಬು ಹೋಗಿಲ್ಲ.
ಟಿಪ್ಪರು ಹೋಗುತ್ತವೆ, ಕಲ್ಲು ಸರಳಿಗೆ ತಗುಲಿ ಟಿಂಗೆನ್ನುತ್ತದೆ.
ಆದರೂ ಸ್ಟ್ಯಾಂಡಿನಲ್ಲಿ ಜನ ತುಂಬುವ ತನಕ
ಚಿಟ್ಟೆ ತಿರುಗಿಸುತ್ತೇನೆ,
ಗಾಜಿಗಂಟಿದ ಹುಳದ ರೆಕ್ಕೆ ಊದುತ್ತೇನೆ,
ಮುಚ್ಚುವ ಮೊದಲು ಸುಮ್ಮನೆ
ಕೈ ಹಾಕಿ ನೋಡುತ್ತೇನೆ, ಮುಂಗೈ ತನಕ.

ಹೋಗುತ್ತದೆ.